ನೇಕಾರನ ಮಗುವಿನ ಉಡಿದಾರ

ಮಠದ ಕಟ್ಟೆಯ ಮೇಲೆ ಕುಳಿತಿದ್ದ ಗುರುಗಳನ್ನು ಶಿಷ್ಯ ಈರಬಸಪ್ಪ ಕೇಳಿದ: "ಅಜ್ಜಾರ, ನನ್ನ ಕೂಸಿಗೆ ವರ್ಷ ತುಂಬಿತು. ಆಡ್ತೈತಿ, ನಗ್ತೈತಿ, ಚಲೋ ನಿದ್ದಿ ಮಾಡ್ತೈತಿ. ಆದ್ರ ಮೈ ಹಿಡೀವಲ್ದು. ಓಣ್ಯಾಗಿನ ಕೂಸುಗಳು ಗುಂಡ್ಗುಂಡಗ ಅದಾವ. ಇನ್ನ ಏನ ತಿನ್ನಸ್ಲಿ?"

ಗುರುಗಳು ನಕ್ಕು ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಊರಿನಲ್ಲಿ ಅವನ ಕೈಗೆ ಸಮನಾದ ಕೈ ಇರಲಿಲ್ಲ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಬಹಳ ಕಾಲದ ಮೇಲೆ ಅವನಿಗೊಂದು ಗಂಡುಮಗುವಾಯಿತು. ತೊಟ್ಟಿಲಿಗೆ ಹಾಕಿದ ದಿನ ತನ್ನ ಮಗ್ಗದ ಕರಿ ನೂಲನ್ನೇ ಹುರಿಮಾಡಿ ಮಗುವಿನ ಸೊಂಟಕ್ಕೆ ಉಡಿದಾರ ಕಟ್ಟಿದ. ಒಳಗೆ ಎರಡು ಬೆರಳು ಸಲೀಸಾಗಿ ಆಡುವಷ್ಟು ಸಡಿಲ ಬಿಟ್ಟ. ದಿನವೂ ನೋಡುವ ಕಣ್ಣಿಗೆ ಬೆಳವಣಿಗೆ ಕಾಣದು. ಮಗು ಬೆಳೆದಂತೆ ದಾರ ಬಿಗಿಯಾಗಬೇಕು, ಅದೇ ಸರಿಯಾದ ಅಳತೆ ಎಂದುಕೊಂಡ.

ಅಮಾವಾಸ್ಯೆ ಬಂದಾಗಲೆಲ್ಲ ಬೆರಳು ತೂರಿಸಿ ನೋಡುವನು. ಬೆರಳು ಮೊದಲಿನಂತೆಯೇ ಆಡುತ್ತಿದ್ದವು. ಕಣ್ಣು ಸುಳ್ಳು ಹೇಳೀತು, ನೂಲು ಹೇಳೀತೇ? ಮಗು ಬೆಳೆಯುತ್ತಿಲ್ಲವೆಂದು ಅವನ ಎದೆ ಒಡೆಯಿತು. ಗಂಜಿಗೆ ತುಪ್ಪ ಸುರಿದ, ಹಾಲಿಗೆ ಬಾಳೆಹಣ್ಣು ಕಿವುಚಿದ, ಉಂಡು ಮುಗಿಸಿದ ಮಗುವಿಗೆ ಮತ್ತೆ ಉಣಿಸಿದ. ಮಗು ವಾಂತಿ ಮಾಡಿಕೊಂಡಿತು. ಆಮೇಲೆ ಬಟ್ಟಲು ಕಂಡರೆ ಬಾಯಿ ಮುಚ್ಚಿತು. ಕೊನೆಗೆ ಅಪ್ಪನನ್ನು ಕಂಡರೇ ಚೀರತೊಡಗಿತು. ಹೊಟ್ಟೆ ತುಂಬ ಉಣ್ಣುತ್ತಿದ್ದ ಕೂಸು ಹಾಲಿಗೂ ಮುಖ ತಿರುಗಿಸಿ, ಈಗ ನಿಜವಾಗಿಯೇ ಸೊರಗಿತು.

ಒಂದು ದಿನ ನೇಕಾರ ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿಕೊಂಡು, ಮೂಗು ಹಿಡಿದು, ಕೂಸಿಗೆ ಹಾಲು ಕುಡಿಸುವ ಒಳಲೆಯಿಂದ ಗಂಜಿ ಹುಯ್ಯಲು ಹೋದ. ಅವನ ತಾಯಿ ಓಡಿ ಬಂದು ಒಳಲೆ ಕಸಿದುಕೊಂಡಳು.

"ಉಸುರು ಕಟ್ಟಿ ಸತ್ತೀತೋ ಮೂಳಾ! ಕೂಸಿಗೆ ಏನ ಆಗೇತಂತ ಹಿಂಗ ಮಾಡ್ತಿ?"

"ಬೆಳೀವಲ್ದಬೇ. ನಾ ಕಟ್ಟಿದ ದಾರ ಇನ್ನೂ ಬಿಗಿ ಆಗಿಲ್ಲ."

ಮುದುಕಿ ಹಣೆ ಬಡಿದುಕೊಂಡಳು. "ನೀ ಕಟ್ಟಿದ್ದು ಈಗೆಲ್ಲೈತಿ? ಸ್ವಂಟಕ್ಕ ಒತ್ತಿ ಗಾಯ ಆಗಬಾರದಂತ, ನೀರ ಹಾಕುವಾಗ ಬಿಚ್ಚಿ ಬಿಚ್ಚಿ ಹೊಸಾದ ಸಡ್ಲಗ ಕಟ್ಟೇನಿ, ನಿನ್ನ ಮಗ್ಗದ ನೂಲಿಂದನ. ನೀ ಬೆರಳ ಹಾಕಿ ನೋಡಿದಾಗೆಲ್ಲ, ಎಲ್ಲಿ ಬಿಗಿ ಆಗೇತೋ ಅಂತ ಕಾಳಜಿ ಮಾಡ್ತಿ ಅಂದ್ಕೊಂಡಿದ್ದೆ."

ಅವಳು ತೊಟ್ಟಿಲ ದಿನದ ಅಂಗಿ ತಂದು ಮಗುವಿಗೆ ತೊಡಿಸಲು ನೋಡಿದಳು. ಅಂಗಿಯ ತೋಳು ಮೊಣಕೈ ದಾಟಲಿಲ್ಲ. ನಾಚಿಕೆಯಿಂದ ನೇಕಾರನ ಕಣ್ಣು ತುಂಬಿತು. ಅಂದಿನಿಂದ ಬಟ್ಟಲನ್ನು ಮಗುವಿನ ಮುಂದಿಟ್ಟು ಸುಮ್ಮನೆ ಪಕ್ಕದಲ್ಲಿ ಕೂರುತ್ತಿದ್ದ. ಕೆಲವು ದಿನ ಕಳೆದ ಮೇಲೆ ಮಗು ತಾನೇ ಕೈ ಅದ್ದಿ, ಅರ್ಧ ಮುಖಕ್ಕೆ ಬಳಿದುಕೊಂಡು, ಅರ್ಧ ತಿಂದಿತು.

ಕತೆ ಮುಗಿದರೂ ಈರಬಸಪ್ಪ ಬಿಡಲಿಲ್ಲ. "ಹಂಗಂದ್ರ ಹೆತ್ತಾಂವ ನೋಡೂದ ಬ್ಯಾಡೇನ್ರಿ, ಅಜ್ಜಾರ?"

ಗುರುಗಳು ಹೇಳಿದರು: "ಎಲ್ಲಿ ಬಿಗೀತೈತಿ ಅಷ್ಟ ನೋಡಪಾ, ಎಷ್ಟ ಬೆಳದೈತಿ ಅನ್ನೂದು ಕೂಸ ತಾನ ತೋರಸ್ತೈತಿ."