ಎಂಟೂ ಹತ್ತಕ್ಕೆ ಗುರಿ ಮುಟ್ಟಿದವನು

ವಿಜಯಪುರ ಸೀಮೆಯ ಒಂದು ಸೈಕಲ್ ಸಂಘದಲ್ಲಿ ಒಬ್ಬ ಗುಮಾಸ್ತನಿದ್ದ. ಆ ವರ್ಷ ನಲವತ್ತು ಕಿಲೋಮೀಟರ್ ಸ್ಪರ್ಧೆಯಲ್ಲಿ ಗೆದ್ದವನಿಗೆ ಕ್ರೀಡಾ ವಸತಿನಿಲಯದ ಸೀಟು ಸಿಗಲಿತ್ತು. ಅದಕ್ಕಾಗಿಯೇ ಮೂಟೆ ಹೊರುವ ಹಮಾಲನ ಮಗ ಯಮನಪ್ಪ ವರ್ಷವಿಡೀ ಸೈಕಲ್ ತುಳಿದಿದ್ದ.

ಹಿಂದಿನ ಸಂಜೆ ಸಂಘದ ಅಧ್ಯಕ್ಷರು ಗುಮಾಸ್ತನನ್ನು ಕರೆಸಿದರು.

"ಮೊದಲನೇ ನಂಬರಿನ ಸರ್ಟಿಫಿಕೇಟು ಈಗಽ ಬರದುಬಿಡು. ನನ್ನ ಮಗನ ಹೆಸರಲೆ."

ಗುಮಾಸ್ತ ಎದುರಾಡಲಿಲ್ಲ. "ಆಗಲ್ರೀ ಸಾಹೇಬ್ರ. ಹೊಂಟ ವ್ಯಾಳ್ಯಾ, ಮುಟ್ಟಿದ ವ್ಯಾಳ್ಯಾ ಏನಂತ ಬರೀಲಿ?"

"ಏಳಕ್ಕ ಹೊಂಟು ಎಂಟೂ ಹತ್ತಕ್ಕ ಮುಟ್ಟಿದಾ ಅಂತ ಬರಿ. ಇಷ್ಟೂ ತಿಳೀವಲ್ದೇನು?"

ಗುಮಾಸ್ತ ಹಾಗೆಯೇ ಬರೆದು ಸಹಿ ಮಾಡಿಸಿಕೊಂಡ. ಅವನು ಕಂಡ ಹನ್ನೆರಡು ವರ್ಷಗಳಲ್ಲಿ ಅಧ್ಯಕ್ಷರು ಒಮ್ಮೆಯೂ ಹೊತ್ತಿಗೆ ಸರಿಯಾಗಿ ಬಂದಿರಲಿಲ್ಲ.

ಮರುದಿನ ಏಳಕ್ಕೆ ಶುರುವಾಗಬೇಕಿದ್ದ ಸ್ಪರ್ಧೆಗೆ ಸವಾರರು ಆರಕ್ಕೇ ಬಂದು ನಿಂತರು. ಅಧ್ಯಕ್ಷರು ಕ್ರೀಡಾಧಿಕಾರಿಯೊಡನೆ ಬಂದು ಬಾವುಟ ಬೀಸಿದಾಗ ಒಂಬತ್ತು ಗಂಟೆ. ದಾರಿಗೆಂದು ತಂದಿದ್ದ ಬಾಳೆಹಣ್ಣು, ನೀರು ಅಷ್ಟರಲ್ಲಿ ಮುಗಿದಿದ್ದವು. ಇಬ್ಬರು ಸವಾರರು ಬಿಸಿಲಿಗೆ ತಲೆಸುತ್ತಿ ರಸ್ತೆಯಲ್ಲೇ ಬಿದ್ದರು. ಯಮನಪ್ಪ ಮೊದಲಿಗನಾಗಿ ಬಂದ. ಅಧ್ಯಕ್ಷರ ಮಗ ಆರನೆಯವನು.

ಆದರೂ ವೇದಿಕೆಯಲ್ಲಿ ಅಧ್ಯಕ್ಷರು ಆ ಪ್ರಮಾಣಪತ್ರವನ್ನೇ, ಸ್ಪರ್ಧೆಯ ಕೊನೆ ನೋಡಿರದ ಅಧಿಕಾರಿಯ ಕೈಗಿತ್ತರು. ಅಧಿಕಾರಿ ಮೈಕಿನಲ್ಲಿ ಓದುತ್ತ ಅರ್ಧಕ್ಕೇ ನಿಲ್ಲಿಸಿದರು.

"ಗುರಿ ಮುಟ್ಟಿದ್ದು ಎಂಟೂ ಹತ್ತಕ್ಕೆ? ಅಧ್ಯಕ್ಷರೇ, ನಾವು ಬಾವುಟ ಬೀಸಿದ್ದೇ ಒಂಬತ್ತಕ್ಕಲ್ಲವೇ?"

ಜನ ಗೊಳ್ಳೆಂದು ನಕ್ಕರು. ಸೀಟು ಯಮನಪ್ಪನದಾಯಿತು.

ಅಧ್ಯಕ್ಷರು ಗುಮಾಸ್ತನ ಮೇಲೆ ಹರಿಹಾಯ್ದರು. "ಮಾನ ಕಳದೆಲ್ಲೋ! ನಾಳಿಂದ ಕೆಲಸಕ್ಕ ಬರಬ್ಯಾಡ!"

"ಆಗಲ್ರೀ. ಖರೆ, ನೀವು ಏಳಕ್ಕ ಬಂದಿದ್ರ ಈ ಸುಳ್ಳು ಸಿಕ್ಕಿಬೀಳತಿರಲಿಲ್ಲ, ಸಾಹೇಬ್ರ. ಸುಳ್ಳು ಹೇಳಾಕೂ ಶಿಸ್ತು ಬೇಕ್ರೀ."