ಕಲಾಯಿಗಾರನ ನಾಯಿ

"ಪ್ರೀತಿಸಿದ್ದನ್ನು ಇನ್ನೊಬ್ಬರ ಕೈಗೆ ಕೊಡುವುದು ಹೇಗೆ?" ಎಂದು ಶಿಷ್ಯೆ ಕೇಳಿದಳು.

ಆಶ್ರಮದಲ್ಲಿ ಬೆಳೆಯುತ್ತಿದ್ದ ಪುಟ್ಟ ಮಕ್ಕಳನ್ನು ಅವಳು ಬಹಳ ಕಾಲದಿಂದ ನೋಡಿಕೊಳ್ಳುತ್ತಿದ್ದಳು. ಆ ಕೆಲಸವನ್ನು ಹೊಸದಾಗಿ ಬಂದವಳಿಗೆ ಒಪ್ಪಿಸು ಎಂದು ಗುರುಗಳು ಹೇಳಿದ್ದರು. ಅವಳು ಒಪ್ಪಿಸಿದ್ದಳು.

"ನಾನು ಕೊಟ್ಟಾಗಿದೆ, ಗುರುಗಳೇ. ಆದರೆ ಮಕ್ಕಳು ಅವಳ ಕೈಯಲ್ಲಿ ಉಣ್ಣುತ್ತಿಲ್ಲ. ತಟ್ಟೆ ಮುಂದೆ ಇಟ್ಟುಕೊಂಡು ನನ್ನ ಹೆಸರು ಹಿಡಿದು ಅಳುತ್ತವೆ. ಅವಳಲ್ಲಿ ಏನು ಕೊರತೆಯೋ ತಿಳಿಯದು."

ಗುರುಗಳು ಅವಳ ಮುಖವನ್ನು ಒಮ್ಮೆ ನೋಡಿದರು. ಕೂತುಕೋ ಎಂದರು. ಕತೆ ಹೇಳಿದರು.

ಒಬ್ಬ ಕಲಾಯಿಗಾರನಿದ್ದ. ಊರಿಂದೂರಿಗೆ ನಡೆದು ಹೋಗಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಹೆಗಲ ಮೇಲೆ ಒಲೆ ಊದುವ ತಿದಿ, ಹಿಂದೆ ಒಂದು ನಾಯಿ. ಒಲೆ ಆರಿದ ಮೇಲೆ ಬೂದಿಯಲ್ಲಿ ಮಲಗುತ್ತಿದ್ದ ಕಾರಣ ಅದನ್ನು ಬೂದ ಎಂದು ಕರೆಯುತ್ತಿದ್ದ.

ಊರಿನವರ ಪಾತ್ರೆಗಳೆಲ್ಲ ಅವನ ಸುತ್ತ ಬಿದ್ದಿರುತ್ತಿದ್ದವು. ಕೆಲವುಗಳ ತಳದಲ್ಲಿ ಅನ್ನ ಅಂಟಿಕೊಂಡಿರುತ್ತಿತ್ತು. ಅದಕ್ಕೆ ನಾಯಿ ಬಾಯಿ ಹಾಕಿದ್ದನ್ನು ಯಾರಾದರೂ ಕಂಡರೆ ಆ ಊರಿನಲ್ಲಿ ಮತ್ತೆ ಕೆಲಸ ಸಿಗುವುದಿಲ್ಲ. ಅದಕ್ಕಾಗಿ ಅವನು ಬೂದನಿಗೆ ಮರಿಯಾಗಿದ್ದಾಗಲೇ ಒಂದು ಪಾಠ ಕಲಿಸಿದ್ದ. ಎದುರಿಗೆ ಏನೇ ಇಟ್ಟರೂ, ಅಂಗೈಯಿಂದ ನೆಲವನ್ನು ತಟ್ಟುವವರೆಗೆ ಅದು ಮುಟ್ಟಬಾರದು. ತಟ್ಟುವವರೆಗೆ ಅದರ ಕೆಲಸ ಕಾವಲು. ತಟ್ಟಿದ ಮೇಲೆ ಊಟ. ಬೂದ ಒಮ್ಮೆಯೂ ತಪ್ಪಲಿಲ್ಲ.

ನಾಯಿಗೆ ವಯಸ್ಸಾಯಿತು. ಹಿಂಗಾಲು ಎಳೆಯತೊಡಗಿತು. ಹೊತ್ತುಕೊಂಡು ಹೋಗೋಣವೆಂದರೆ ಹೆಗಲ ಮೇಲೆ ತಿದಿ ಇದೆ. ತಿದಿ ಬಿಟ್ಟರೆ ಇಬ್ಬರಿಗೂ ಊಟವಿಲ್ಲ. ಯಾವುದಾದರೂ ಮನೆಯಲ್ಲಿ ಬಿಡಬೇಕೆಂದು ಹೋದ ಊರಿನಲ್ಲೆಲ್ಲ ಕೇಳಿದ. ಒಬ್ಬ ವ್ಯಾಪಾರಿ ನಾಯಿಯ ಬಾಯಿ ಬಿಡಿಸಿ ನೋಡಿ, "ಹಲ್ಲೇ ಇಲ್ಲವಲ್ಲಯ್ಯ, ಇದು ಕಳ್ಳನನ್ನು ಹಿಡಿಯುತ್ತದೋ, ಕಳ್ಳನೇ ಇದನ್ನು ಎತ್ತಿ ಆಚೆ ಇಡುತ್ತಾನೋ?" ಎಂದು ನಕ್ಕ.

ಕೊನೆಗೆ ಗಾಣದ ಮನೆಯ ಹೆಂಗಸೊಬ್ಬಳು ಒಪ್ಪಿದಳು. "ನಮ್ಮ ಗಾಣದ ಎತ್ತೂ ಮುದಿಯಾಗಿದೆ ಕಣಣ್ಣ. ಎರಡೂ ಜೊತೆಗೆ ಬಿದ್ದಿರಲಿ ಬಿಡು" ಎಂದಳು.

ಕಲಾಯಿಗಾರ ಅವಳಿಗೆ ಎಲ್ಲ ಹೇಳಿದ. ಮುದ್ದೆಯನ್ನು ಸಾರಿನಲ್ಲಿ ನೆನೆಸಿ ಕೊಡು. ಬಲಗಿವಿ ಮುಟ್ಟಬೇಡ, ನೋವಿದೆ. ಚಳಿಗೆ ಬೂದಿಯ ಹತ್ತಿರ ಜಾಗ ಬಿಡು. ಹೀಗೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ಹೇಳಿದ. ಅವಳು ಹೂಂ ಹೂಂ ಎಂದಳು. ಅವನು ಹೊರಟ. ಬೀದಿಯ ಕೊನೆ ಮುಟ್ಟಿದಾಗ, ನೆಲ ತಟ್ಟುವ ವಿಷಯ ಹೇಳಿಲ್ಲವೆಂದು ನೆನಪಾಯಿತು. ಕಾಲು ನಿಂತಿತು.

"ಹಿಂದಿರುಗಿದನೇ?" ಎಂದಳು ಶಿಷ್ಯೆ.

"ಇಲ್ಲ. ಸ್ವಲ್ಪ ಹೊತ್ತು ನಿಂತ. ಆಮೇಲೆ ಮುಂದಕ್ಕೆ ನಡೆದ."

ಮುಂದಿನ ಊರಿನಲ್ಲಿ ಒಲೆ ಹೂಡಿದ. ಮರುದಿನ ಗಾಣದ ಊರಿನಿಂದ ಗಾಡಿಯವನೊಬ್ಬ ಬಂದ. ಇವನನ್ನು ಕಂಡು ಗಾಡಿ ನಿಲ್ಲಿಸಿದ.

"ನೀನು ಪುಣ್ಯವಂತ ಕಣಯ್ಯ! ನಿನ್ನ ನಾಯಿ ಒಂದು ಅಗುಳೂ ಮುಟ್ಟಿಲ್ಲ. ತಟ್ಟೆಯ ಮುಂದೆ ಕೂತುಬಿಟ್ಟಿದೆ. ಕಾಗೆ ಬಂದರೆ ಓಡಿಸುತ್ತದೆ, ಕೋಳಿ ಬಂದರೆ ಓಡಿಸುತ್ತದೆ. ತಾನು ಮಾತ್ರ ತಿನ್ನುವುದಿಲ್ಲ. ನಿನಗಾಗಿ ಕೊರಗುತ್ತಿದೆ ಅಂತ ಊರೆಲ್ಲ ಅದೇ ಮಾತು."

ನಾಯಿ ಕೊರಗುತ್ತಿಲ್ಲ, ತಟ್ಟೆ ಕಾಯುತ್ತಿದೆ ಎಂಬುದು ಕಲಾಯಿಗಾರನೊಬ್ಬನಿಗೆ ಗೊತ್ತಿತ್ತು. ಆದರೂ ಅವನ ಮುಖ ಅರಳಿತು. ಅಂದು ಪಾತ್ರೆ ತಂದವರಿಗೆಲ್ಲ ಅವನು ಅದನ್ನೇ ಹೇಳಿದ. "ನಾನಿಲ್ಲದೆ ನನ್ನ ನಾಯಿ ಅನ್ನ ಮುಟ್ಟುವುದಿಲ್ಲವಂತೆ." ಕೇಳಿದವರು ಅಯ್ಯೋ ಪಾಪ ಎಂದರು. ಎಂಥ ನಿಯತ್ತು ಎಂದರು. ಸಂಜೆ ಒಬ್ಬ ಮುದುಕಿ ತನ್ನ ಚೆಂಬು ತೆಗೆದುಕೊಂಡು ಹೋಗಲು ಬಂದಳು. ಅವಳಿಗೂ ಹೇಳಿದ.

"ಹಾಗಾದರೆ ಸಾಯುತ್ತದಲ್ಲಪ್ಪ" ಎಂದಳು ಮುದುಕಿ. ಚೆಂಬನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದಳು. ಹೋದಳು.

ಕಲಾಯಿಗಾರ ಒಲೆಗೆ ನೀರು ಸುರಿದ. ತಿದಿ ಹೊತ್ತು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ.

ಬೂದ ತಟ್ಟೆಯ ಮುಂದೆ ಮಲಗಿತ್ತು. ಇವನನ್ನು ಕಂಡು ಬಾಲ ಆಡಿಸಿತು, ಏಳಲಿಲ್ಲ. ಗಾಣದ ಹೆಂಗಸು ಪಕ್ಕದಲ್ಲೇ ಕೂತಿದ್ದಳು.

"ಬಾಯಿಗೆ ಹಿಡಿದೆ, ಬೈದೆ, ಕಾಲಿಗೂ ಬಿದ್ದೆ. ಮುಖ ತಿರುಗಿಸಿಬಿಡುತ್ತೆ ಕಣಣ್ಣ. ಅದು ಹಸಿದು ಕೂತಿದ್ದರೆ ನನ್ನ ಗಂಟಲಲ್ಲಿ ತುತ್ತು ಇಳಿಯುತ್ತಾ? ಕರೆದುಕೊಂಡು ಹೋಗಿಬಿಡು. ನನ್ನ ಕೈಯಲ್ಲೇ ಏನೋ ದೋಷವಿರಬೇಕು."

ಕಲಾಯಿಗಾರ ಕುಕ್ಕರಗಾಲಲ್ಲಿ ಕೂತು ಅಂಗೈಯಿಂದ ನೆಲ ತಟ್ಟಿದ. ನಾಯಿ ತಟ್ಟೆಗೆ ಬಾಯಿ ಹಾಕಿತು. ಗಬಗಬನೆ ತಿಂದಿತು.

ಹೆಂಗಸು ನಾಯಿಯನ್ನು ನೋಡಿದಳು. ಅವನ ಕೈಯನ್ನು ನೋಡಿದಳು.

"ಇಷ್ಟೇನಾ? ಇದನ್ನು ಹೇಳದ ಹಾಗೆ ನಿನ್ನ ಬಾಯಿಗೂ ಕಲಾಯಿ ಹಾಕಿಕೊಂಡಿದ್ದೆಯಾ?"

ಅವಳು ಒಳಗೆ ಹೋಗಿ ಇನ್ನಷ್ಟು ಅನ್ನ ತಂದು ತಟ್ಟೆಗೆ ಹಾಕಿದಳು. ಅವನು ತಟ್ಟಿದ ಹಾಗೆಯೇ ತಟ್ಟಿದಳು. ಬೂದ ಅನ್ನ ನೋಡಿತು, ಅವಳನ್ನು ನೋಡಿತು, ಆಮೇಲೆ ತಲೆ ಎತ್ತಿ ಕಲಾಯಿಗಾರನನ್ನು ನೋಡುತ್ತಾ ಕೂತಿತು.

ಕಲಾಯಿಗಾರ ಎದ್ದ. ನಾಯಿಯ ತಲೆ ಸವರಲು ಕೈ ಚಾಚಿದವನು ಹಾಗೆಯೇ ಹಿಂದೆಗೆದುಕೊಂಡ. ಗೋಡೆಯ ಆಚೆ ಹೋಗಿ, ನಾಯಿಗೆ ಕಾಣದ ಹಾಗೆ ನಿಂತ. ಒಳಗಿನಿಂದ ನೆಲ ತಟ್ಟುವ ಸದ್ದು ಕೇಳಿತು. ಮತ್ತೇನೂ ಕೇಳಲಿಲ್ಲ. ಇನ್ನೊಮ್ಮೆ ತಟ್ಟಿದಳು. ಅವನು ಉಸಿರು ಬಿಗಿ ಹಿಡಿದ. ಏನು ಕೇಳಿಸಬೇಕೆಂದು ಬೇಡಿಕೊಳ್ಳುತ್ತಿದ್ದೇನೆ ಎಂದು ಅವನಿಗೇ ತಿಳಿಯಲಿಲ್ಲ. ಆಮೇಲೆ ತಟ್ಟೆ ನೆಲದ ಮೇಲೆ ಸರಿದಾಡುವ ಸದ್ದು ಬಂತು. ತಿದಿಯನ್ನು ಹೆಗಲಿಗೆ ಏರಿಸಿಕೊಂಡು ಅಲ್ಲಿಂದಲೇ ಹೊರಟುಹೋದ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

"ಮತ್ತೆ ಆ ಊರಿಗೆ ಅವನು ಬರಲೇ ಇಲ್ಲವೇ?" ಎಂದು ಶಿಷ್ಯೆ ಕೇಳಿದಳು.

"ಬಂದ. ಪಾತ್ರೆ ಇದ್ದ ಕಡೆ ಅವನು ಬರಲೇಬೇಕಲ್ಲ. ಬೂದ ಅವನ ಕೈ ಮೂಸಿತು. ಅವನ ಕಾಲಿನ ಬಳಿ ಬಂದು ಮಲಗಿತು. ಊಟದ ಹೊತ್ತಿಗೆ ಒಳಗೆ ನೆಲ ತಟ್ಟಿದ ಸದ್ದಾಯಿತು. ಎದ್ದು ಒಳಗೆ ಹೋಯಿತು."

"ಅವನಿಗೆ ನೋವಾಗಿರಬೇಕು."

"ಆಯಿತು."

"ಪಾಪ" ಎಂದಳು ಶಿಷ್ಯೆ. "ಆದರೆ ಗುರುಗಳೇ, ನಾನು ಅವಳಿಗೆ ಏನನ್ನೂ ಮುಚ್ಚಿಟ್ಟಿಲ್ಲ."

ಗುರುಗಳು ಹೇಳಿದರು: "ಮಕ್ಕಳು ಉಣ್ಣುತ್ತಿಲ್ಲ ಎಂದು ಹೇಳುವಾಗ ನಿನ್ನ ಮುಖ ಅರಳಿತ್ತು, ತಾಯಿ."