ಹಲಗೆಯಲ್ಲಿದ್ದ ತೂತು

“ಗುರುಗಳೇ, ನಾನು ಯಂತ್ರವಿದ್ಯೆ ಕಲಿತೆ, ಈಗ ಕಾನೂನನ್ನೂ ಕಲಿತೆ. ನಾಳೆ ಇನ್ನೊಬ್ಬರ ಯಂತ್ರವನ್ನು ಕದ್ದವನು ಬಂದು ತನ್ನ ಪರವಾಗಿ ವಾದಿಸು ಎಂದರೆ, ಈ ಎರಡು ವಿದ್ಯೆಗಳನ್ನೂ ಅವನಿಗಾಗಿ ಬಳಸಬಹುದೇ?” ಎಂದು ಶಿಷ್ಯ ಕೇಳಿದ.

ಗುರುಗಳ ಮುಖ ಬಿಗಿಯಿತು. “ಕೂತುಕೋ, ಹೇಳುತ್ತೇನೆ” ಎಂದರು.

ಒಂದು ರಾಜ್ಯದಲ್ಲಿ ಒಂದು ಕಾನೂನಿತ್ತು. ಹೊಸ ಯಂತ್ರವನ್ನು ಯಾರು ಕಂಡುಹಿಡಿಯುತ್ತಾರೋ ಅವರೊಬ್ಬರೇ ಅದನ್ನು ಮಾಡಬೇಕು, ಬೇರೆಯವರು ಮಾಡಕೂಡದು. ಅಲ್ಲಿ ಒಬ್ಬ ಬಡಗಿಯ ಹೆಂಡತಿ ಹುಣಸೆಹಣ್ಣು ಕುಟ್ಟಿ ಕುಟ್ಟಿ ಬೆರಳು ಜಜ್ಜಿಕೊಂಡಿದ್ದಳು. ಅದನ್ನು ನೋಡಲಾರದೆ ಬಡಗಿ ಹುಣಸೆಬೀಜ ಬಿಡಿಸುವ ಯಂತ್ರವೊಂದನ್ನು ಮಾಡಿದ. ಮಾಡುವಾಗ ಬೈರಿಗೆ ಜಾರಿ ಹಲಗೆಯಲ್ಲಿ ಬೇಡದ ಕಡೆ ಒಂದು ತೂತು ಬಿತ್ತು. ಯಂತ್ರ ಚೆನ್ನಾಗಿಯೇ ತಿರುಗುತ್ತಿದ್ದುದರಿಂದ ಅವನು ಹಲಗೆ ಬದಲಿಸಲಿಲ್ಲ.

ಒಬ್ಬ ವ್ಯಾಪಾರಿ ಅದನ್ನು ಎರವಲು ಕೊಂಡುಹೋಗಿ ಬಿಚ್ಚಿ, ಅಳತೆ ತೆಗೆದು, ಹಿಂದಕ್ಕೆ ಕೊಟ್ಟು, ಅಂಥದೇ ಯಂತ್ರಗಳನ್ನು ಮಾಡಿಸಿದ. ಅದೂ ಸಾಲದೆಂದು, ಕಂಡುಹಿಡಿದವನು ತಾನೇ ಎಂದು ಬಡಗಿಯ ಮೇಲೆಯೇ ದಾವೆ ಹೂಡಿದ. ಎಂಥ ಭಂಡತನ!

ಬಡಗಿ ಸಭೆಯಲ್ಲಿ ಎರಡೂ ಯಂತ್ರಗಳ ಹಲಗೆಗಳನ್ನು ತೋರಿಸಿದ. “ಸ್ವಾಮಿ, ಈ ತೂತು ನನ್ನ ಕೈ ತಪ್ಪಿ ಆದದ್ದು. ಇದರಿಂದ ಏನೂ ಕೆಲಸವಿಲ್ಲ. ಇವರ ಯಂತ್ರದಲ್ಲೂ ಅದೇ ಜಾಗದಲ್ಲಿ ತೂತು ಯಾಕಿದೆ, ಕೇಳಿ” ಎಂದ.

ವ್ಯಾಪಾರಿ ತಬ್ಬಿಬ್ಬಾದ. ಆದರೆ ಅವನ ವಕೀಲ ಮೊದಲು ಯಂತ್ರ ಕಟ್ಟುವ ಕೆಲಸದಲ್ಲಿದ್ದವನು. ಅದು ಕೈತಪ್ಪೇ ಎಂದು ನೋಡಿದ ಕೂಡಲೇ ಅವನಿಗೆ ತಿಳಿಯಿತು. ತಿಳಿದೂ ಆ ನಾಚಿಕೆಗೆಟ್ಟವನು ಎದ್ದು ನಿಂತು ತೂತಿಗೊಂದು ಉಪಯೋಗ ಹೇಳಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ, ಬಡಗಿಯೇ ಒಂದು ಗಳಿಗೆ ಬೆರಗಾದ.

ನ್ಯಾಯಾಧಿಕಾರಿ ಒಂದು ದಿನವೂ ಉಳಿ ಹಿಡಿದವನಲ್ಲ. “ಉಪಯೋಗ ಬಲ್ಲವನೇ ಮಾಡಿದವನು. ತಪ್ಪು ಎನ್ನುವವನು ಕದ್ದವನು” ಎಂದು ತೀರ್ಪು ಕೊಟ್ಟ. ನಿಜ ಹೇಳಿದ್ದೇ ಬಡಗಿಗೆ ಮುಳುವಾಯಿತು. ತಾನು ಕಂಡುಹಿಡಿದ ಯಂತ್ರವನ್ನು ತಾನೇ ಮಾಡುವ ಹಾಗಿಲ್ಲ. ಮನೆಯಲ್ಲಿದ್ದ ಒಂದನ್ನೂ ಜಪ್ತಿ ಮಾಡಿ ಹೊತ್ತುಕೊಂಡು ಹೋದರು. ಅವನ ಹೆಂಡತಿ ಮತ್ತೆ ಕಲ್ಲು ಹಿಡಿದು ಹುಣಸೆಹಣ್ಣಿನ ಮುಂದೆ ಕೂತಳು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ಕುತೂಹಲ ತಡೆಯಲಾರದೆ ಕೇಳಿದ: “ಆ ತೂತಿಗೆ ವಕೀಲ ಏನು ಉಪಯೋಗ ಹೇಳಿದ, ಗುರುಗಳೇ?”

ಗುರುಗಳು ಅವನನ್ನೇ ದಿಟ್ಟಿಸಿದರು.

“ಅದು ನಿನಗೆ ಯಾವ ಮೊಕದ್ದಮೆಗೆ ಬೇಕು?”